ನಿಂತ ಮೋಟಾರು ನಡೆಯಬೇಕಾದರೆ

ಪುಣೆಯಿಂದ ಊರಿಗೆ ಹೊರಟ ಕನ್ನಡಿಗರಿಗೆ ಕಾತ್ರಜವೆಂದರೆ ಬರಿಯ ಬಡಾವಣೆಯಲ್ಲ, ಊರಿನ ದಾರಿಯ ಹೊಸ್ತಿಲು. ದಸರೆ ದೀಪಾವಳಿಯ ಮುನ್ನಾದಿನ ಇಲ್ಲಿಯ ಚೌಕದಲ್ಲಿ ಒಂದು ಗಳಿಗೆ ನಿಂತು ನೋಡಿರಿ: ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗು ಹಿಡಿದು, ಹುಬ್ಬಳ್ಳಿಯ ಬಸ್ಸಿಗೋ ಬೆಂಗಳೂರಿನ ಬಸ್ಸಿಗೋ ಕಾದವರ ಬಾಯಲ್ಲಿ ಬೆಳಗಾವಿಯ ಕನ್ನಡ, ಕಲಬುರ್ಗಿಯ ಕನ್ನಡ, ಮಂಗಳೂರಿನ ಕನ್ನಡ ಎಲ್ಲವೂ ಕೇಳಿಸುತ್ತವೆ. ದಕ್ಷಿಣಕ್ಕೆ ಘಾಟು, ಘಾಟಿನ ಆಚೆ ಸಾತಾರ, ಕೊಲ್ಹಾಪುರ, ನಿಪ್ಪಾಣಿ. ಇಂಥ ಜಾಗದಲ್ಲಿ ಇರುವವರಿಗೆ ಗಾಡಿಯ ಮೇಲೆ ಒಂದಿಷ್ಟು ಮೋಹವಿದ್ದರೆ ಆಶ್ಚರ್ಯವೇನು?

ಈ ಸಲದ ಮಾತು ಹೊಸ ಗಾಡಿಯದಲ್ಲ, ನಿಂತುಹೋದ ಗಾಡಿಯದು. ನಮ್ಮ ಓಣಿಯ ತರುಣನೊಬ್ಬ ಗದಗ ಸೀಮೆಯವನು. ಕಂಪ್ಯೂಟರಿನ ಕೆಲಸ, ಪಾನಾ ಹಿಡಿದು ಗೊತ್ತಿಲ್ಲದ ಕೈ. ಅವನು ಕಳೆದ ವರ್ಷ ಒಂದು ಶೆಡ್ಡಿನಲ್ಲಿ ಏಳು ವರ್ಷ ಕದಲದೆ ನಿಂತಿದ್ದ ಎರಡೇ ಆಸನದ ಕೆಂಪು ಕಾರೊಂದನ್ನು ಕೊಂಡು, ಲಾರಿಯ ಮೇಲೆ ಹೇರಿಕೊಂಡು ಬಂದ. ಓಣಿಯ ಹುಡುಗರೆಲ್ಲ ನೆರೆದರು. “ಕಾಕಾ, ಇದು ನಮ್ಮ ಬೆಂಗಳೂರಿನವರು ಮಾಡಿದ ಸ್ಪೋರ್ಟ್ಸ್ ಕಾರು!” ಎಂದು ಅವನು ಹೇಳಿದಾಗ ನಾಲ್ಕಾರು ಮಂದಿ ನಕ್ಕುಬಿಟ್ಟರು. ಆದರೆ ಮಾತು ನಿಜ.

ಕಾರಿನ ಹೆಸರು ಸ್ಯಾನ್ ಸ್ಟಾರ್ಮ್. ರೈಲ್ವೆಯ ಎಂಜಿನುಗಳನ್ನು ಕಟ್ಟುವ ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಮತ್ತು ಲೋಕೋಮೋಟಿವ್ ಕಂಪೆನಿಯ ಬಳಗಕ್ಕೆ ಸೇರಿದ ಸ್ಯಾನ್ ಮೋಟರ್ಸ್ 1998ರಲ್ಲಿ ಇದನ್ನು ಹೊರತಂದಿತು. ನಮ್ಮ ದೇಶದಲ್ಲಿ ಬಹುಕಾಲ ಅಂಬಾಸಿಡರ್, ಫಿಯಟ್, ಸ್ಟಾಂಡರ್ಡ್ ಹೆರಾಲ್ಡ್ ಎಂಬ ಮೂರು ಜಾತಿಯ ಕಾರುಗಳೇ ಹೆಚ್ಚಾಗಿ ಕಾಣುತ್ತಿದ್ದುವು. ವಿನೋದಕ್ಕೆಂದೇ ಕಾರು ಕಟ್ಟುವ ಯೋಚನೆ ಯಾರಿಗೆ ಬರಬೇಕು? ಅಂಥದರಲ್ಲಿ ರೈಲಿನ ಎಂಜಿನು ಕಟ್ಟುವವರು ಮೇಲ್ಛಾವಣಿ ಬಿಚ್ಚಿ ಗಾಳಿಗೆ ಮುಖವೊಡ್ಡಿ ಓಡಿಸುವ ಕಾರನ್ನು ಕಟ್ಟಿದರೆಂಬುದು ಸಣ್ಣ ಸಾಹಸವಲ್ಲ. ಅದರ ಮೈ ಉಕ್ಕಿನದಲ್ಲ, ಫೈಬರ್ ಗ್ಲಾಸಿನದು. ಹೃದಯ ಫ್ರಾನ್ಸಿನ ರೆನೋ ಕಂಪೆನಿಯ 1149 ಸಿ.ಸಿ. ಎಂಜಿನು. ಶಕ್ತಿ ಅರವತ್ತು ಕುದುರೆಯ ಆಸುಪಾಸು. ಇಂದಿನ ಸಾಧಾರಣ ಸಂಸಾರದ ಕಾರಿಗೂ ಇದಕ್ಕಿಂತ ಹೆಚ್ಚು ಬಲವಿರುತ್ತದೆ. ಆದರೆ ಮೈ ಹಗುರವಾದರೆ ಅರವತ್ತು ಕುದುರೆಗಳಿಗೂ ಹುರುಪು ಬರುತ್ತದೆ.

ಬೆಂಗಳೂರಿಗೆ ಫೈಬರ್ ಗ್ಲಾಸಿನ ಕಾರು ಅಪರಿಚಿತವೇನೂ ಆಗಿರಲಿಲ್ಲ. 1970ರ ದಶಕದಲ್ಲಿ ಸನ್‌ರೈಸ್ ಕಂಪೆನಿಯವರು ಮೂರು ಚಕ್ರದ ಬಾದಲ್ ಗಾಡಿಯನ್ನು ಮಾಡಿದ್ದರು. 1980ರ ದಶಕದಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಪಡಿಯಚ್ಚಿನಂತೆ ಡಾಲ್ಫಿನ್ ಬಂತು. ಇಂದು ಬಾದಲ್ ಇಲ್ಲ, ಡಾಲ್ಫಿನ್ ಇಲ್ಲ, ಸ್ಟಾರ್ಮ್ ಕೂಡ ತಯಾರಾಗುತ್ತಿಲ್ಲ. ಮಾಡಿದ್ದೇ ಕೆಲವು, ಅದರಲ್ಲಿ ಉಳಿದದ್ದು ಇನ್ನೂ ಕೆಲವು. ಒಂದು ಗುಜರಿಗೆ ಹೋದರೆ ಅದರ ಬದಲಿಗೆ ಇನ್ನೊಂದು ಹುಟ್ಟುವುದಿಲ್ಲ. ಈ ಕಾರಣದಿಂದಲೇ ತರುಣನ ಹುಚ್ಚನ್ನು ನಾನು ಹುಚ್ಚೆನ್ನಲಿಲ್ಲ. ಮೂವತ್ತು ವರ್ಷ ಪಿಂಪ್ರಿಯ ಕಾರಖಾನೆಯಲ್ಲಿ ಕಬ್ಬಿಣದೊಡನೆ ಬಾಳಿದವನಿಗೆ ನಿಂತ ಯಂತ್ರವನ್ನು ಕಂಡರೆ ಸುಮ್ಮನೆ ಹಾದು ಹೋಗಲು ಮನಸ್ಸು ಬಾರದು.

ಆದರೆ ಹೊಸಬರು ಹಳೆಯ ಗಾಡಿಯನ್ನು ಕೊಂಡೊಡನೆ ಮಾಡುವ ಕೆಲಸದ ಕ್ರಮವೊಂದುಂಟು. ಮೊದಲು ಬಣ್ಣ, ಆಮೇಲೆ ಆಸನದ ಹೊದಿಕೆ, ಬಳಿಕ ಹಾಡಿನ ಪೆಟ್ಟಿಗೆ, ಆಮೇಲೆ ಎಂಜಿನು; ಕೊನೆಗೆ ದುಡ್ಡು ಉಳಿದರೆ ಬ್ರೇಕು. ನಮ್ಮ ತರುಣನೂ ಬಣ್ಣದ ಚೀಟಿಗಳನ್ನು ಹಿಡಿದೇ ನನ್ನಲ್ಲಿಗೆ ಬಂದಿದ್ದ. ನನ್ನ ಮಾತು ಇಷ್ಟೇ: ಕ್ರಮವನ್ನು ತಲೆಕೆಳಗು ಮಾಡಬೇಕು. ನಿಲ್ಲುವುದನ್ನು ಕಲಿತ ಮೇಲೆ ಓಡುವುದು. ಓಡಿದ ಮೇಲೆ ಅಲಂಕಾರ.

ಅದಕ್ಕೂ ಮೊದಲು ಕಾಗದ. ಎಂಜಿನಿನ ಸಂಖ್ಯೆ, ಚಾಸಿಯ ಸಂಖ್ಯೆ ಎರಡೂ ಆರ್.ಸಿ. ಪುಸ್ತಕದೊಡನೆ ಹೊಂದಬೇಕು. ಹೊಂದದಿದ್ದರೆ ಎಷ್ಟು ಚೆಂದದ ಗಾಡಿಯಾದರೂ ಕೈಮುಗಿದು ಹಿಂದಿರುಗುವುದು ಲೇಸು. ಖಾಸಗಿ ಕಾರಿನ ನೋಂದಣಿ ಮೊದಲಿಗೆ ಹದಿನೈದು ವರ್ಷಕ್ಕೆ. ಆಮೇಲೆ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಕ್ಕೆ ಹೊಸದು ಮಾಡಿಸಬೇಕು. ನಮ್ಮಂಥ ಹೊರನಾಡಿನವರು ಇನ್ನೊಂದನ್ನೂ ನೆನಪಿಡಬೇಕು. ಕರ್ನಾಟಕದ ಗಾಡಿಯನ್ನು ಮಹಾರಾಷ್ಟ್ರದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ಆರ್.ಟಿ.ಓ.ದಿಂದ ಎನ್.ಓ.ಸಿ. ತಂದು, ಇಲ್ಲಿಯ ತೆರಿಗೆ ಕಟ್ಟಿ, ಇಲ್ಲಿಯ ಸಂಖ್ಯೆ ಪಡೆಯಬೇಕು. “ಹಳೆಯ ಕಾರಿಗೆ ವಿಂಟೇಜ್ ಎಂಬ ರಿಯಾಯಿತಿ ಉಂಟಲ್ಲ ಕಾಕಾ?” ಎಂದು ಅವನು ಕೇಳಿದ. ಉಂಟು; 2021ರಲ್ಲಿ ಕೇಂದ್ರ ಸರಕಾರ ಅದಕ್ಕೆ ನಿಯಮ ಮಾಡಿತು. ಆದರೆ ಗಾಡಿಗೆ ಐವತ್ತು ವರ್ಷ ತುಂಬಿರಬೇಕು, ಮೂಲ ರೂಪ ಕೆಟ್ಟಿರಬಾರದು. 1998ರ ಸ್ಟಾರ್ಮಿಗೆ ಆ ಭಾಗ್ಯ 2048ರಲ್ಲಿ. ಅಲ್ಲಿಯತನಕ ಅದು ಕಾನೂನಿನ ಕಣ್ಣಿಗೆ ವಯಸ್ಸಾದ ಸಾಮಾನ್ಯ ಕಾರು.

ಇನ್ನು ಬ್ರೇಕು. ಕಾತ್ರಜದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹೊಸ ಸುರಂಗದಿಂದ ನವಲೆ ಸೇತುವೆಯತ್ತ ಇಳಿಯುವ ಇಳಿಜಾರಿನಲ್ಲಿ 2022ರ ನವೆಂಬರಿನಲ್ಲಿ ಒಂದು ಟ್ರಕ್ಕಿನ ದೆಸೆಯಿಂದ ನಲವತ್ತೆಂಟರಷ್ಟು ವಾಹನಗಳು ಜಖಂ ಆದುದನ್ನು ನಾವಾರೂ ಮರೆತಿಲ್ಲ. ನಿಂತ ಗಾಡಿಯ ಬ್ರೇಕು ಹೊರನೋಟಕ್ಕೆ ಸರಿಯಾಗಿಯೇ ಇರುತ್ತದೆ. ಪೆಡಲನ್ನು ತುಳಿದರೆ ಗಟ್ಟಿಯಾಗಿಯೂ ತೋರಬಹುದು. ಮೋಸವಿರುವುದು ಒಳಗೆ. ಬ್ರೇಕಿನ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಸ್ವಭಾವ. ಡಾಟ್ 4 ಎಂಬ ಗುರುತಿನ ಹೊಸ ಎಣ್ಣೆ 230 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿನಲ್ಲಿ ಕಾಲು ಎತ್ತದೆ ಬ್ರೇಕು ಒತ್ತಿದರೆ ಚಕ್ರದ ಬಳಿ ಕಾವೇರಿ, ಎಣ್ಣೆ ಕುದಿದು, ನಳಿಕೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ಪೆಡಲು ನೆಲಕ್ಕೆ ತಾಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಆದುದರಿಂದ ಹಳೆಯ ಎಣ್ಣೆಯನ್ನೆಲ್ಲ ತೆಗೆಯಬೇಕು. ರಬ್ಬರಿನ ನಳಿಕೆ, ಚಕ್ರದ ಬಳಿಯ ಪಿಸ್ಟನ್ನಿನ ರಬ್ಬರು, ಮಾಸ್ಟರ್ ಸಿಲಿಂಡರಿನ ರಬ್ಬರು ಒಂದನ್ನೂ ಬಿಡದೆ ಬದಲಿಸಬೇಕು. ಈ ಕೆಲಸವನ್ನು ಹೊಸಬರು ನೋಡಿ ಕಲಿಯಲಿ. ಕೈ ಮಾತ್ರ ಅನುಭವಿ ಮಿಸ್ತ್ರಿಯದಾಗಿರಲಿ. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು. ಗಟ್ಟಿಯಾದ ಸ್ಟ್ಯಾಂಡು ಕೊಟ್ಟು, ಗಾಡಿಯನ್ನು ಅಲುಗಾಡಿಸಿ ನೋಡಿದ ಮೇಲೆಯೇ ಒಳಗೆ ಹೋಗಬೇಕು. ಟೈರುಗಳ ಹಲ್ಲು ಎಷ್ಟೇ ಚೆನ್ನಾಗಿದ್ದರೂ ಅವುಗಳ ಜಾತಕ ಓದಿರಿ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳೇ ಜಾತಕ. 1408 ಎಂದಿದ್ದರೆ ಅದು 2008ರ ಹದಿನಾಲ್ಕನೆಯ ವಾರ ಹುಟ್ಟಿದ್ದು. ಅಂಥ ರಬ್ಬರು ನೋಡಲು ಟೈರು, ನಂಬಲು ಅಲ್ಲ.

ಬ್ರೇಕು ಮುಗಿದ ಮೇಲೆ ಎಂಜಿನು. ಕೀಲಿ ತಿರುಗಿಸಿ ಒಮ್ಮೆ ಸದ್ದು ಕೇಳಿಬಿಡೋಣವೆಂಬ ಆಸೆ ಎಲ್ಲರಿಗೂ ಇರುತ್ತದೆ. ಅದನ್ನು ಎರಡು ವಾರ ತಡೆಯಬಲ್ಲವನು ಅರ್ಧ ಗೆದ್ದಂತೆ. ಮೊದಲು ಹಳೆಯ ಆಯಿಲು, ಹಳೆಯ ನೀರು, ಹಳೆಯ ಪೆಟ್ರೋಲು ಮೂರನ್ನೂ ಹೊರಹಾಕಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದು ಸಿಲಿಂಡರಿಗೂ ಸಣ್ಣ ಚಮಚದಷ್ಟು ಆಯಿಲು ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಬೇಕು. ಮರುದಿನ ಕ್ರ್ಯಾಂಕಿನ ನಟ್ಟಿಗೆ ಪಾನಾ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಬೇಕು. ತಿರುಗಿದರೆ ದೇವರು ದೊಡ್ಡವನು. ತಿರುಗದಿದ್ದರೆ ಬಲ ತೋರಿಸಬಾರದು. ಮತ್ತೆ ಆಯಿಲು, ಮತ್ತೆ ಒಂದು ರಾತ್ರಿ. ಟೈಮಿಂಗ್ ಬೆಲ್ಟು ರಬ್ಬರಿನದು. ಓಡದಿದ್ದರೂ ಅದಕ್ಕೆ ವಯಸ್ಸಾಗುತ್ತದೆ. ಅದನ್ನು ಬದಲಿಸಿದ ಮೇಲೆಯೇ ಎಂಜಿನಿಗೆ ಚಾಲನೆ ಕೊಡಬೇಕು.

ಪೆಟ್ರೋಲಿನ ವಿಷಯದಲ್ಲಿ ಈಗ ಹೊಸದೊಂದು ಎಚ್ಚರಿಕೆ ಸೇರಿಕೊಂಡಿದೆ. ಇಂದು ಬಂಕುಗಳಲ್ಲಿ ದೊರೆಯುವ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತಿರುತ್ತದೆ. 1998ರ ರಬ್ಬರು ನಳಿಕೆಗಳು ಇದನ್ನು ಎಣಿಸಿ ಮಾಡಿದವುಗಳಲ್ಲ. ಎಥನಾಲಿಗೆ ನೀರನ್ನು ಎಳೆದುಕೊಳ್ಳುವ ಗುಣವೂ ಉಂಟು. ಹಾಗಾಗಿ ಟ್ಯಾಂಕಿಯಿಂದ ಎಂಜಿನಿನವರೆಗಿನ ನಳಿಕೆಗಳನ್ನೆಲ್ಲ ಎಥನಾಲ್ ತಡೆಯುವಂಥವಕ್ಕೆ ಬದಲಿಸಬೇಕು. ಈ ಎಂಜಿನಿನಲ್ಲಿ ಪೆಟ್ರೋಲು ಒತ್ತಡದಿಂದ ಚಿಮ್ಮುವುದರಿಂದ ಅಗ್ಗದ ನಳಿಕೆ ಕೂಡದು. ಪೆಟ್ರೋಲು ಸೋರಿ ಬಿಸಿ ಎಂಜಿನಿನ ಮೇಲೆ ಬಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಹತ್ತಿರದಲ್ಲಿ ಬೆಂಕಿ ಆರಿಸುವ ಸಿಲಿಂಡರು ಇರಲಿ.

“ಕಂಪೆನಿ ಮಾಡುವುದನ್ನೇ ಬಿಟ್ಟಿದೆಯಲ್ಲ, ಸಾಮಾನು ಎಲ್ಲಿ ಸಿಗುತ್ತದೆ?” ಎಂದು ಓಣಿಯವರೆಲ್ಲ ಕೇಳಿದರು. ಇಲ್ಲಿಯೇ ಯಂತ್ರದ ಗುಟ್ಟೊಂದಿದೆ. ಯಾವ ಕಾರೂ ಪೂರ್ತಿಯಾಗಿ ಅನಾಥವಲ್ಲ. ಸ್ಟಾರ್ಮಿನ ಮೈ ಬೆಂಗಳೂರಿನವರದಾದರೂ ಅದರ ಎಂಜಿನಿನ ನೆಂಟರಿಷ್ಟರು ಯುರೋಪಿನ ತುಂಬ ಇದ್ದಾರೆ. ರೆನೋದವರ ಟ್ವಿಂಗೋ, ಕ್ಲಿಯೋ ಎಂಬ ಸಣ್ಣ ಕಾರುಗಳಲ್ಲಿ ಇದೇ ಎಂಜಿನು ಕೂತಿತ್ತು. ಆದುದರಿಂದ ಬೆಲ್ಟು, ಫಿಲ್ಟರು, ಗ್ಯಾಸ್ಕೆಟ್ಟುಗಳನ್ನು ಹುಡುಕುವಾಗ ಸ್ಟಾರ್ಮ್ ಎಂದು ಕೇಳಿದರೆ ಅಂಗಡಿಯವನು ಕೈಯಾಡಿಸುತ್ತಾನೆ. ಎಂಜಿನಿನ ಹೆಸರು ಹಿಡಿದು ಕೇಳಿದರೆ ದಾರಿ ತೆರೆಯುತ್ತದೆ. ಹೊರದೇಶದಲ್ಲಿ ಅಣ್ಣನೋ ಅಕ್ಕನೋ ಇರುವ ಕನ್ನಡ ಮನೆಗಳು ನಮ್ಮಲ್ಲಿ ಕಡಮೆಯೇ? ನಮ್ಮ ತರುಣನಿಗೆ ಟೈಮಿಂಗ್ ಬೆಲ್ಟು ಬಂದದ್ದು ಬಂಧುಗಳೊಬ್ಬರ ಪೆಟ್ಟಿಗೆಯಲ್ಲಿ, ಚಾಕೊಲೇಟಿನ ಡಬ್ಬಿಯ ಪಕ್ಕದಲ್ಲಿ.

ಉಳಿದ ಸಾಮಾನುಗಳಿಗೆ ಕಣ್ಣು ಬೇಕು. ಸಾಮಾನ್ಯ ಬಾಲ್ ಬೇರಿಂಗಿನ ಮೇಲೆ ಕೊರೆದ ಸಂಖ್ಯೆ ನೋಡಿರಿ. 6204 ಎಂದಿದ್ದರೆ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿರಿ: ಒಳವ್ಯಾಸ 20 ಮಿಲಿಮೀಟರು. 6205 ಆದರೆ 25. ಆ ಬೇರಿಂಗ್ ಕಾರಿನದೋ ನೀರಿನ ಪಂಪಿನದೋ ಎಂಬುದು ಅದಕ್ಕೆ ಗೊತ್ತಿಲ್ಲ, ಅಳತೆ ಒಂದೇ. ಆಯಿಲ್ ಸೀಲಿನ ಮೇಲೆ 35-52-7 ಎಂದಿದ್ದರೆ ಒಳಗಿನ ದಂಡ 35, ಹೊರವ್ಯಾಸ 52, ದಪ್ಪ 7 ಮಿಲಿಮೀಟರು. ಈ ಲೆಕ್ಕ ಕೈಯಲ್ಲಿದ್ದರೆ ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿ ಕಾರಿನ ಹೆಸರನ್ನೇ ಹೇಳದೆ ವ್ಯಾಪಾರ ಮುಗಿಸಬಹುದು. ಎಲ್ಲಿಯೂ ಸಿಗದ ಬುಷ್ಷನ್ನು ಭೋಸರಿಯ ಸಣ್ಣ ಲೇತಿನವರು ಹಳೆಯದನ್ನು ಅಳೆದು ಹೊಸದಾಗಿ ಕಡೆದುಕೊಡುತ್ತಾರೆ. ಅದಕ್ಕಾಗಿ ಒಂದು ನಿಯಮ: ಸವೆದದ್ದು, ಮುರಿದದ್ದು ಏನೇ ಇರಲಿ, ಹೊಸದು ಬಂದು ಕೂರುವತನಕ ಹಳೆಯದನ್ನು ಎಸೆಯಬಾರದು. ಮುರಿದ ತುಂಡೇ ಅಳತೆಯ ಮೂಲ.

ವಿದ್ಯುತ್ತಿನ ಕಾಟ ಹೊಸಬರನ್ನು ಹೆಚ್ಚು ಕಂಗೆಡಿಸುತ್ತದೆ. ಒಂದು ದಿನ ತರುಣ ಬಂದು, “ಕಾಕಾ, ಬಲಗಡೆ ಇಂಡಿಕೇಟರ್ ಹಾಕಿದ್ರ ಹಿಂದಿನ ದೀಪ ಎಲ್ಲಾ ಮಿಣುಕತಾವ, ದೆವ್ವ ಹೊಕ್ಕಂಗ ಆಗೇದ” ಎಂದ. ದೆವ್ವದ ಹೆಸರು ಅರ್ಥಿಂಗ್. ಉಕ್ಕಿನ ಕಾರಿನಲ್ಲಿ ದೀಪಕ್ಕೆ ಹೋದ ವಿದ್ಯುತ್ತು ಕಾರಿನ ಮೈಯ ಮೂಲಕವೇ ಬ್ಯಾಟರಿಗೆ ಹಿಂದಿರುಗುತ್ತದೆ. ಫೈಬರ್ ಗ್ಲಾಸಿನ ಮೈಯಲ್ಲಿ ವಿದ್ಯುತ್ತು ಹರಿಯದು. ಆದುದರಿಂದ ದೀಪಗಳಿಗೆ ಹಿಂದಿರುಗುವ ತಂತಿ ಬೇರೆಯೇ ಇರಬೇಕು, ಅದು ಕೆಳಗಿನ ಉಕ್ಕಿಗೆ ಬಿಗಿಯಾಗಿ ಕೂಡಿರಬೇಕು. ಅಲ್ಲಿ ತುಕ್ಕು ಹಿಡಿದರೆ ಒಂದು ದೀಪದ ವಿದ್ಯುತ್ತು ಇನ್ನೊಂದರ ದಾರಿಯಲ್ಲಿ ನುಗ್ಗುತ್ತದೆ. ಬಲ್ಬು ಬದಲಿಸಿ ಫಲವಿಲ್ಲ. ತಂತಿಯ ತುದಿಯನ್ನು ಮರಳು ಕಾಗದದಿಂದ ಉಜ್ಜಿ ಬಿಗಿದರೆ ದೆವ್ವ ಬಿಡುತ್ತದೆ. ಬಿಟ್ಟಿತು ಕೂಡ.

ಇದೇ ಫೈಬರ್ ಗ್ಲಾಸು ಇನ್ನೊಂದು ಭ್ರಮೆಯನ್ನು ಹುಟ್ಟಿಸುತ್ತದೆ. ಮೈಗೆ ತುಕ್ಕಿಲ್ಲವಾದ್ದರಿಂದ ಕಾರು ಆರೋಗ್ಯವಾಗಿದೆಯೆಂದು ತೋರುತ್ತದೆ. ತುಕ್ಕು ಹಿಡಿಯುವುದು ಕೆಳಗಿನ ಉಕ್ಕಿಗೆ. ಕೊಳ್ಳುವವರು ಬಗ್ಗಿ ಅಲ್ಲಿ ನೋಡಬೇಕು. ಮೈಯಲ್ಲಿ ಬಿರುಕಿದ್ದರೆ ಡೆಂಟಿಂಗಿನವನ ಸುತ್ತಿಗೆ ನಡೆಯದು. ರಾಳ ಮತ್ತು ಗಾಜಿನ ನಾರಿನ ಪದರ ಹಾಕುವವರು ಬೇಕು. ಅದನ್ನು ಉಜ್ಜುವಾಗ ಏಳುವ ದೂಳು ಎದೆಗೆ ಕೆಟ್ಟದ್ದು. ಸರಿಯಾದ ಮುಖಕವಚವಿಲ್ಲದೆ, ಮಕ್ಕಳು ಓಡಾಡುವ ಅಂಗಳದಲ್ಲಿ ಆ ಕೆಲಸ ಮಾಡಬಾರದು.

ಇಷ್ಟು ಯಂತ್ರದ ಮಾತಾಯಿತು. ಸಂಸಾರದ ಮಾತು ಬಾಕಿ ಉಳಿದಿದೆ.

ಕೆಲಸ ಅರ್ಧಕ್ಕೆ ಬಂದಿತ್ತು. ಒಂದು ಸಂಜೆ ತರುಣನ ತಾಯಿ ನಮ್ಮ ಮನೆಗೆ ಬಂದರು. ಸಿಟ್ಟಿಲ್ಲ, ಗೊಣಗಾಟವಿಲ್ಲ. ಮೆಲ್ಲನೆ ಹೇಳಿದರು: “ಅಣ್ಣಾರ, ಈ ಗಾಡಿಗೆ ಸುರಿಯೋ ರೊಕ್ಕದಾಗ ಊರಾಗಿನ ಮನಿ ಮಾಳಿಗಿ ಆಗ್ತಿತ್ತು. ಮಳಿ ಬಂದ್ರ ದೇವರ ಮನ್ಯಾಗ ನೀರು ಬೀಳ್ತಾವ. ಅವಂಗ ಯಾರು ಹೇಳೋರು?”

ನಾನೇ ಹೇಳಬೇಕಾಯಿತು. ಇದು ಮೋಜಿನ ಕಾರು ಕೊಂಡ ಮಗನ ಕಥೆ ಮಾತ್ರವಲ್ಲವಷ್ಟೆ. ಹೊರನಾಡಿನಲ್ಲಿರುವ ನಮ್ಮಲ್ಲಿ ಎಷ್ಟು ಜನರಿಗೆ ಊರಿನಲ್ಲಿ ಬೀಗ ಹಾಕಿದ ಮನೆಯೊಂದಿದೆ! ಅದೂ ನಿಂತ ಗಾಡಿಯೇ. ವರ್ಷಕ್ಕೊಮ್ಮೆ ಹೋಗಿ ಕಸ ಹೊಡೆದು ದೀಪ ಹಚ್ಚಿ ಬರುತ್ತೇವೆ. ಬಾಗಿಲಿಗೆ ಬಣ್ಣ ಬಳಿಸುತ್ತೇವೆ. ಮೇಲಿನ ಮಾಳಿಗೆ ಹತ್ತಿ ನೋಡುವುದಿಲ್ಲ.

ತರುಣ ಮಾತು ಕೇಳಿದ. ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದನೆಂಬುದು ಬೇರೆ ಮಾತು. ಮೂರನೆಯ ದಿನ ಲೆಕ್ಕದ ಪುಸ್ತಕ ಹಿಡಿದು ಬಂದ. ಕಾರಿನ ಬ್ರೇಕು, ಟೈರು, ಎಂಜಿನು ಆಗಿದ್ದುವು. ಉಳಿದದ್ದು ತಂತಿ, ಮೈ, ಬಣ್ಣ. ಆ ದುಡ್ಡನ್ನು ಬದಿಗಿಟ್ಟು, ಬೇಸಿಗೆಯಲ್ಲಿ ಹದಿನೈದು ದಿನ ರಜೆ ಹಾಕಿ, ಊರಿನ ಮನೆಯ ಮಾಳಿಗೆ ಮಾಡಿಸಿ ಬಂದ. ಕಾರು ಐದು ತಿಂಗಳು ಹೊದಿಕೆಯ ಕೆಳಗೆ ನಿಂತಿತು.

ನಡುವೆ ನಿಲ್ಲಿಸುವುದಕ್ಕೂ ಒಂದು ವಿಧಾನವಿದೆ. ಹೊಸಬರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅರ್ಧ ಬಿಚ್ಚಿದ ಕಾರುಗಳು ವರ್ಷಗಟ್ಟಲೆ ಕೊಳೆಯುವುದಕ್ಕೆ ದುಡ್ಡಿಲ್ಲದ್ದು ಮಾತ್ರ ಕಾರಣವಲ್ಲ. ಯಾವ ನಟ್ಟು ಎಲ್ಲಿಯದೆಂಬುದು ಮರೆತುಹೋಗುವುದೂ ಕಾರಣ. ಒಂದು ತಿಂಗಳಲ್ಲಿ ಮರಳಿ ಕೂಡಿಸಬಲ್ಲಷ್ಟನ್ನೇ ಬಿಚ್ಚಬೇಕು. ಬಿಚ್ಚಿದ್ದನ್ನು ಬಿಚ್ಚುವ ಮೊದಲೇ ಚಿತ್ರ ತೆಗೆದಿಡಬೇಕು. ನಟ್ಟು ಬೋಲ್ಟುಗಳನ್ನು ಉಪ್ಪಿನಕಾಯಿಯ ಖಾಲಿ ಡಬ್ಬಿಗಳಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿ, ಚೀಟಿಯ ಮೇಲೆ ತಾರೀಖು ಬರೆಯಬೇಕು. ಕೆಲಸ ನಿಲ್ಲಿಸಿದ ದಿನ ಒಂದು ಪುಟ ಟಿಪ್ಪಣಿ: ಏನಾಗಿದೆ, ಏನಾಗಬೇಕು, ಯಾರಿಗೆ ಎಷ್ಟು ಕೊಡಬೇಕು. ಬ್ಯಾಟರಿಯ ತಂತಿ ಕಳಚಿಡಬೇಕು. ಇಲಿ ಹೊಗದಂತೆ ನೋಡಿಕೊಳ್ಳಬೇಕು. ಹೀಗೆ ನಿಂತ ಗಾಡಿ ನಿಂತದ್ದೇ ಹೊರತು ಕೈಬಿಟ್ಟದ್ದಲ್ಲ.

ಖರ್ಚಿನ ವಿಷಯದಲ್ಲಿ ಒಂದು ಮಾತು. ಹಳೆಯ ಕಾರಿಗೆ ಹಾಕಿದ ದುಡ್ಡು ಮಾರಿದಾಗ ತಿರುಗಿ ಬರುವುದೆಂದು ನಂಬಬೇಡಿ. ಅದು ಸಂಗೀತ ಕಲಿತ ದುಡ್ಡಿನ ಹಾಗೆ. ಖರ್ಚಿನ ಪುಟದಲ್ಲಿಯೇ ಬರೆಯಬೇಕು. ಹಾಗೆ ಬರೆಯಲು ಮನೆಯವರ ಒಪ್ಪಿಗೆಯಿರಬೇಕು. ಒಪ್ಪಿಗೆಯಿಲ್ಲದ ಕಾರು ಎಷ್ಟು ಚೆನ್ನಾಗಿ ಓಡಿದರೂ ಮನೆಯ ಮುಂದೆ ಬಂದು ನಿಂತಾಗ ಸದ್ದು ಮಾಡುತ್ತದೆ.

ಮಳೆ ಮುಗಿದ ಮೇಲೆ ಕೆಲಸ ಮತ್ತೆ ಮೊದಲಾಯಿತು. ಪರೀಕ್ಷೆ ಮುಗಿದು, ನೋಂದಣಿ ಹೊಸದಾಗಿ, ವಿಮೆಯೂ ಆಗಿ, ಈಗ ಕಾರು ರಸ್ತೆಗಿಳಿದಿದೆ. ಭಾನುವಾರ ಬೆಳಿಗ್ಗೆ ಸಂಚಾರ ಕಡಮೆಯಿರುವಾಗ ಹಳೆಯ ಘಾಟಿನ ಹಾದಿ ಹಿಡಿದು ಮೇಲಿನವರೆಗೆ ಹೋಗಿ ಬರುತ್ತಾನೆ. ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಲಾರಿ ಡ್ರೈವರುಗಳ ಪಾಠವನ್ನು ತಪ್ಪದೆ ಪಾಲಿಸುತ್ತಾನೆ. ಒಂದು ದಿನ ತಾಯಿಯನ್ನೂ ಕೂರಿಸಿಕೊಂಡು ಹೋಗಿದ್ದ. ಹೇಗಿತ್ತೆಂದು ಕೇಳಿದೆ. “ಕೂಡಾಕ ಭಾಳ ತೆಳಗ ಅದ ಅಣ್ಣಾರ, ಏಳಾಕ ಇಬ್ಬರು ಬೇಕು. ಆದ್ರ ಗಾಳಿ ಛಲೋ ಬರ್ತದ” ಎಂದರು.

ಬಣ್ಣ ಮಾತ್ರ ಇನ್ನೂ ಆಗಿಲ್ಲ. ಬಾನೆಟ್ಟಿನ ಮೇಲೆ ಕೆಂಪು ಮಾಸಿದೆ, ಎಡಬಾಗಿಲಿನಲ್ಲಿ ಜೇಡರ ಬಲೆಯಂಥ ಬಿರುಕಿದೆ. ಮುಂದಿನ ವರ್ಷ ನೋಡೋಣವೆನ್ನುತ್ತಾನೆ. ಅವಸರವಿಲ್ಲ. ನಿಮ್ಮಲ್ಲಿ ಯಾರ ಹಿತ್ತಿಲಲ್ಲಾದರೂ ತಂದೆಯವರ ಕಾಲದ ಸ್ಕೂಟರೋ, ಫಿಯಟ್ಟೋ ನಿಂತಿದ್ದರೆ, ಬರುವ ರಜೆಯಲ್ಲಿ ಹೊದಿಕೆ ತೆಗೆದು ಒಮ್ಮೆ ನೋಡಿರಿ. ಮೊದಲು ಕಾಗದ, ಆಮೇಲೆ ಬ್ರೇಕು. ಊರಿಗೆ ಹೋದವರು ಮಾಳಿಗೆಯನ್ನೂ ಒಮ್ಮೆ ಹತ್ತಿ ನೋಡಿ ಬನ್ನಿ.